ಸಹಾಯ ಬೇಕು: ರಾಮಪತ್ರೆ ಬೀಜ ಮತ್ತು ಸಸಿ ಮಾಡಿದವರ ಅನುಭವ
ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಂಥ ರಾಮಪತ್ರೆ ಜಡ್ಡಿಗಳ (ಜಾಯಿಕಾಯಿಯ ಕಾಡು ಬಂಧುವಾದ ರಾಮಪತ್ರೆ ಮರಗಳಿರುವ ಕಾಡಿನ ಜೌಗು ನೆಲ) ಪುನಶ್ಚೇತನ ಕುರಿತ ಪಿಎಚ್‌ಡಿ ಕೆಲಸಕ್ಕೆ ಸಸಿ ಬೇಕು. ತೊಡಕು ಬೀಜದ್ದೇ. ಭತ್ತದ ಹಾಗೆ ಒಣಗಿಸಿ ಎತ್ತಿಡುವ ಬೀಜವಲ್ಲ ಇದು; ತೇವ ಆರಿದರೆ ಮೊಳಕೆ ಶಕ್ತಿಯೇ ಹೋಗುತ್ತದೆ. ಹಾಗೆಂದು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದರೆ ಬೆವರಿ ಕೊಳೆಯುತ್ತದೆ. ಬೀಜದ ಸುತ್ತಲಿನ ಹೊದಿಕೆಯಾದ ಪತ್ರೆಯ ಕೆಂಪು ಎಳೆ ಚೂರು ಉಳಿದರೂ ಬೂಸ್ಟು. ಹಾಗಾಗಿ ಪತ್ರೆ ಪೂರ್ತಿ ಬಿಡಿಸಿ, ತೊಳೆದು, ಹಿಂಡಿದ ತೆಂಗಿನ ನಾರಿನ ಪುಡಿಯಲ್ಲಿ ತಂದು, 2–3 ದಿನದೊಳಗೆ ನೆರಳಿನ ಮರಳು ಮಡಿಗೆ ಹಾಕುವ ಯೋಚನೆ.

ಸಸಿ ಮಾಡಿದವರು ತಿಳಿಸಿ: ತಾಯಿಬೇರು ಸುತ್ತಿಕೊಳ್ಳದಿರಲು ತೊಟ್ಟೆ (ಸಸಿ ಚೀಲ) ಎಷ್ಟು ಉದ್ದ ಬೇಕು? ಜಡ್ಡಿಗೆ ಇಳಿಸುವ ಮುಂಚೆ ನಿಂತ ನೀರಿಗೆ ಒಗ್ಗಿಸುತ್ತೀರಾ, ಎಷ್ಟು ದಿನ?

ಸ್ವಂತ ಜಾಗದಲ್ಲಿ ಮರವಿದ್ದವರು ಬೀಜ ಕೊಟ್ಟರೆ ಉಪಕಾರ. ಕಾಡಿನದಾದರೆ ಅರಣ್ಯ ಇಲಾಖೆಯ ಅನುಮತಿ ಇರಲಿ. ತೋಟದ ಜಾಯಿಕಾಯಿ ಬೇಡ, ಅದು ಬೇರೆಯೇ ಜಾತಿ.