ಐಎಫ್‌ಎಸ್‌ಸಿಯೂ 11 ಅಕ್ಷರ, ಬಿಐಸಿಯೂ 11 ಅಕ್ಷರ: ಮಗ ಕಳಿಸಿದ ದುಡ್ಡು ಎಲ್ಲಿ?

ಡೊಂಬಿವಲಿ ಟೀಚರಮ್ಮ:
ನಮಸ್ಕಾರ. ಮಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾನೆ. ನಮ್ಮ ಬಚ್ಚಲಿನ ನೀರು ಕೆಳಮನೆಯವರ ಅಡುಗೆಮನೆಗೆ ಸೋರಿ ಸೊಸೈಟಿಯಲ್ಲಿ ರಾದ್ಧಾಂತವಾಗಿದೆ (ಅದು ಬೇರೆಯೇ ಪುರಾಣ). ರಿಪೇರಿಗೆಂದು 2,000 ಯೂರೋ ಕಳಿಸಿದ. ಇಷ್ಟು ವರ್ಷ ಊರಿಗೆ ಬಂದಾಗ ಕೈಗೇ ಕೊಡುತ್ತಿದ್ದ, ಬ್ಯಾಂಕ್ ಮೂಲಕ ಇದೇ ಮೊದಲು.

ಅವನ ಬ್ಯಾಂಕಿನ ಫಾರ್ಮ್ ಬಿಐಸಿ ಎಂಬ ಬ್ಯಾಂಕ್ ಕೋಡ್ ಕೇಳಿತಂತೆ. ನಾನು ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ಕಳಿಸಿದೆ. ಅದರಲ್ಲಿದ್ದ ಶಾಖೆಯ ಐಎಫ್‌ಎಸ್‌ಸಿ ಕೋಡ್ ಎಣಿಸಿದರೆ ಸರಿಯಾಗಿ 11. ಹಾಕಿದ, ಫಾರ್ಮ್ ಒಪ್ಪಲಿಲ್ಲ. ನಮ್ಮ ಶಾಖೆಯಲ್ಲಿ ಕೇಳಿದರೆ, ಹಾಲ್‌ಟಿಕೆಟ್ ಕಳಕೊಂಡ ಹುಡುಗಿಯನ್ನು ನೋಡುವ ಹಾಗೆ ನೋಡಿ "ನಮಗೆ ಅದಿಲ್ಲ ಮೇಡಂ" ಅಂದರು. ಕೊನೆಗೆ ಮಗ ಇಂಟರ್ನೆಟ್ಟಿನಲ್ಲಿ ಸಿಕ್ಕ ಕೋಡ್ ಹಾಕಿ ಕಳಿಸಿಬಿಟ್ಟ. ಅದು ಚೆನ್ನೈ ಶಾಖೆಯದಂತೆ! ಇವತ್ತಿಗೆ 9 ದಿನ. ದುಡ್ಡು ಹೋಯಿತೇ?

ಕೌಂಟರ್ ನಂಬರ್ 4:
ಹೋಗಿಲ್ಲ ಟೀಚರ್, ಊಟ ಮಾಡಿ. ನಾನು ಮುಂಬೈ ಫೋರ್ಟ್‌ನ ಒಂದು ಬ್ಯಾಂಕಿನ ಫಾರೆಕ್ಸ್ (ವಿದೇಶಿ ಹಣದ) ಮೇಜಿನಲ್ಲಿ ಕೂತು ನಿವೃತ್ತನಾದವನು.

ಬಿಐಸಿ ಅಂದರೆ ಸ್ವಿಫ್ಟ್ ಕೋಡೇ (ಸ್ವಿಫ್ಟ್ ಎಂದರೆ ಬ್ಯಾಂಕುಗಳು ದೇಶದಾಚೆ ಸಂದೇಶ ಕಳಿಸುವ ಜಾಲ). ಮೊದಲ 4 ಅಕ್ಷರ ಬ್ಯಾಂಕು, ಮುಂದಿನ 2 ದೇಶ, ಆಮೇಲಿನ 2 ಊರು. ಕೊನೆಯ 3 ಶಾಖೆ, ಅದು ಇಲ್ಲದಿದ್ದರೂ ನಡೆಯುತ್ತದೆ. ಮುಂಬೈಯ ಬಹಳಷ್ಟು ಕೋಡ್‌ಗಳಲ್ಲಿ ಊರಿನ ಜಾಗದಲ್ಲಿ "ಬಿಬಿ" ಇರುತ್ತದೆ. ನಾನು ಬಾಂಬೆ ಎಂದೇ ನೆನಪಿಟ್ಟುಕೊಂಡೆ. ಐಎಫ್‌ಎಸ್‌ಸಿಯೂ ಬ್ಯಾಂಕಿನ 4 ಅಕ್ಷರದಿಂದಲೇ ಶುರು, ಮೋಸ ಹೋಗುವುದು ಅಲ್ಲೇ. ಐದನೆಯದನ್ನು ನೋಡಿ: ಸೊನ್ನೆ ಇದ್ದರೆ ಐಎಫ್‌ಎಸ್‌ಸಿ, ಅದು ದೇಶದೊಳಗಿನ ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ನಂಥ ವರ್ಗಾವಣೆಗೆ ಮಾತ್ರ. ಭಾರತದ ಬಿಐಸಿಯಲ್ಲಿ ಅಲ್ಲಿ "ಐಎನ್" ಇರುತ್ತದೆ.

ಶಾಖೆಯವರು ಹೇಳಿದ್ದು ಸುಳ್ಳಲ್ಲ. ಎಲ್ಲ ಶಾಖೆಗೂ ಸ್ವಿಫ್ಟ್ ಇರುವುದಿಲ್ಲ, ವಿದೇಶಿ ವ್ಯವಹಾರದ ಶಾಖೆಯ ಕೋಡ್ ಕೊಡಬೇಕು. ಅದನ್ನು ಹೇಳದೆ ಕಳಿಸಿದ್ದು ಸೋಮಾರಿತನ. ಬ್ಯಾಂಕ್ ಸರಿಯಿದೆ, ಶಾಖೆ ಮಾತ್ರ ತಪ್ಪು, ಹಾಗಾಗಿ ದುಡ್ಡು ಚೆನ್ನೈಯ ಯಾರದೋ ಮೇಜಿನ ಮೇಲಿರುತ್ತದೆ. ಮಗನಿಗೆ ತನ್ನ ಬ್ಯಾಂಕಿನಲ್ಲಿ ಎಂಟಿ 103, ಅಂದರೆ ದುಡ್ಡು ಕಳಿಸಿದ ಸ್ವಿಫ್ಟ್ ಸಂದೇಶದ ಪ್ರತಿ ಕೇಳಲು ಹೇಳಿ (ಈಗ ಸಂದೇಶದ ಮಾದರಿ ಬದಲಾಗಿದೆ, ಕೌಂಟರಿನಲ್ಲಿ ಹೆಸರು ಮಾತ್ರ ಹಳೆಯದೇ). ಅದರಲ್ಲಿ ದುಡ್ಡು ಎಲ್ಲಿದೆ ಎಂದು ಹುಡುಕಲು ಯುಇಟಿಆರ್ ಎಂಬ 36 ಅಕ್ಷರದ ಉದ್ದ ನಂಬರ್ ಇರುತ್ತದೆ. ಅದನ್ನು ಹಿಡಿದು ನಿಮ್ಮ ಶಾಖೆಗೆ ಹೋಗಿ.

ಪಿಂಪ್ರಿ ಪುಟ್ಟ:
ನಾನೂ ಮೊದಲು ಜರ್ಮನಿಯಲ್ಲಿದ್ದೆ, ಈಗ ಪುಣೆ. ಅಲ್ಲಿನ ಫಾರ್ಮ್ ಐಬಿಎಎನ್ (ಅಂತರರಾಷ್ಟ್ರೀಯ ಮಾದರಿಯ ಖಾತೆ ಸಂಖ್ಯೆ) ಕೂಡ ಕೇಳುತ್ತದೆ. ಭಾರತದಲ್ಲಿ ಐಬಿಎಎನ್ ಇಲ್ಲ, ಬರೀ ಖಾತೆ ಸಂಖ್ಯೆ ಹಾಕಬೇಕು. ಸೆಪಾ (ಯೂರೋಪಿನೊಳಗಿನ ಯೂರೋ ವರ್ಗಾವಣೆ) ಅಲ್ಲ, ವಿದೇಶಿ ವರ್ಗಾವಣೆ ಆರಿಸಬೇಕು. ವಿವರದ ಸಾಲಿನಲ್ಲಿ ಐಎಫ್‌ಎಸ್‌ಸಿ ಮತ್ತು "ಫ್ಯಾಮಿಲಿ ಮೇಂಟೆನೆನ್ಸ್" ಅಂತ ಬರೆಸಿ. ಇನ್ನೊಂದು, ಶುಲ್ಕದಲ್ಲಿ "ಶಾ" (SHA, ಖರ್ಚು ಇಬ್ಬರಿಗೂ ಹಂಚಿಕೆ) ಇದ್ದರೆ ದಾರಿಯ ಬ್ಯಾಂಕುಗಳು ಮೊತ್ತದಲ್ಲೇ ಮುರಿದುಕೊಳ್ಳುತ್ತವೆ. "ಅವರ್" (OUR) ಆರಿಸಿದರೆ ಖರ್ಚು ಕಳಿಸುವವರದು. ಪೂರ್ತಿ ಬರಲಿಲ್ಲ ಅಂತ ಮಗನ ಮೇಲೆ ಸಿಟ್ಟಾಗಬೇಡಿ ಟೀಚರ್ 😀

ಡೊಂಬಿವಲಿ ಟೀಚರಮ್ಮ:
ಬಂತು! ಆ 36 ಅಕ್ಷರವನ್ನು ಚೀಟಿಯಲ್ಲಿ ನಾಲ್ಕು ಸಾಲು ಮಾಡಿ ಬರೆದುಕೊಂಡು ಹೋದೆ, ಕನ್ನಡಕವಿಲ್ಲದೆಯೂ ಕಾಣುವಷ್ಟು ದಪ್ಪಕ್ಷರದಲ್ಲಿ. ಮೊದಲು "ಅದಿಲ್ಲ" ಅಂದಿದ್ದ ಶಾಖೆಯ ಹುಡುಗನೇ ಎರಡು ಫೋನ್ ಮಾಡಿದ. ಚೆನ್ನೈಯವರು ಯಾತಕ್ಕೆ ಬಂದ ದುಡ್ಡು ಎಂಬ ವಿವರಕ್ಕೆ ಕಾಯುತ್ತಿದ್ದರಂತೆ. ನನ್ನಿಂದ ಒಂದು ಫಾರ್ಮ್ ತುಂಬಿಸಿದರು, ಪರ್ಪಸ್ ಕೋಡ್ ಪಿ 1301 (ಕುಟುಂಬದ ಖರ್ಚಿಗೆ ಬಂದ ದುಡ್ಡು ಎಂದು). ಮೂರನೇ ದಿನ ಖಾತೆಗೆ ಬಿತ್ತು. 2,000ದಲ್ಲಿ 18 ಯೂರೋ ದಾರಿಯಲ್ಲೇ ಉಳಿದಿದೆ, "ಶಾ" ಮಹಿಮೆ. ವಿದೇಶಿ ಶಾಖೆಯ ಕೋಡನ್ನು ಪಾಸ್‌ಬುಕ್ಕಿನ ಹಿಂಬದಿಗೆ ಪೆನ್ನಿನಲ್ಲಿ ಬರೆಸಿಕೊಂಡೆ. ಪ್ಲಂಬರ್ ನಾಳೆ ಬರುತ್ತೇನೆ ಅಂದಿದ್ದಾನೆ.

ಕೌಂಟರ್ ನಂಬರ್ 4:
ಬಂದ ದುಡ್ಡಿನ ಅಡ್ವೈಸ್ (ಬ್ಯಾಂಕಿನ ವಿವರಪತ್ರ) ಪ್ರತಿಯನ್ನೂ ಕೇಳಿ ಇಟ್ಟುಕೊಳ್ಳಿ. ಪ್ಲಂಬರ್‌ಗೆ ಮಾತ್ರ ಯುಇಟಿಆರ್ ಇಲ್ಲ.