ಶಾಲೆಯ ಹಂಚಿನ ಮೇಲೆ 1865 ಎಂದಿದೆ. ಕಟ್ಟಡ ಅಷ್ಟು ಹಳೆಯದೇ?

ಹಳೆಯ ವಿದ್ಯಾರ್ಥಿ (ಪುತ್ತೂರು ಕಡೆ):
ಕಳೆದ ವಾರ ಮಂಗಗಳು ಹಾರಿ ನಮ್ಮೂರ ಶಾಲೆಯ ಮಾಡಿನಿಂದ ಒಂದು ಹಂಚು ಬಿತ್ತು. ಅದರ ಮೇಲೆ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ) ಎಂಬ ಅಚ್ಚು, ಜೊತೆಗೆ 1865. ಉತ್ಸವ ಸಮಿತಿಯವರು ಆಗಲೇ ಹೊಸ ದ್ವಾರಕ್ಕೆ ‘ಸ್ಥಾಪನೆ 1865’ ಎಂದು ಕೆತ್ತಿಸಲು ಹೊರಟಿದ್ದಾರೆ. ಆದರೆ ಈ ಗೋಡೆಗೆ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಹೊತ್ತವರು ನನ್ನ ಅಜ್ಜ. ಸಮಿತಿಯ ಲೆಕ್ಕ ಸರಿಯಾದರೆ ಅಜ್ಜ ಹುಟ್ಟುವ ಮೊದಲೇ ಕಲ್ಲು ಹೊತ್ತಿರಬೇಕು!

ಇನ್ನೊಂದು ಸಂಗತಿ. ಕೆಲವು ವರ್ಷಗಳ ಹಿಂದೆ ಗೋಡೆಗೆ ಸಿಮೆಂಟು ಬಳಿಸಿದರು. ಈಗ ನೆಲದಿಂದ ಎರಡಡಿ ಎತ್ತರದವರೆಗೆ ಹಪ್ಪಳದಂತೆ ಎದ್ದು ಬರುತ್ತಿದೆ. ಅದಕ್ಕೆ ಪರಿಹಾರವೆಂದು ಹಂಚು ಇಳಿಸಿ ತಗಡು ಹಾಕುತ್ತಾರಂತೆ. ಕಾಲು ನೋವಿಗೆ ತಲೆಗೆ ಪಟ್ಟಿ!

ಹಂಚು ಕೂಡಿಡುವವ:
1865 ಶಾಲೆಯ ವರ್ಷವಲ್ಲ, ಕಾರ್ಖಾನೆಯದು. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಅವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ವರ್ಷ ಅದು. ಆಮೇಲೆ ಎಷ್ಟೋ ಕಾಲ ಅದೇ ಅಂಕಿ ಅಚ್ಚಾಗುತ್ತಲೇ ಇತ್ತು. ಅಲ್ಲದೆ ಮಳೆಗಾಲಕ್ಕೆ ಮುಂಚೆ ಮಾಡಿಗೆ ಕೈಯಾಡಿಸುವಾಗ ಒಡೆದ ಹಂಚಿನ ಜಾಗಕ್ಕೆ ಬೇರೆ ಕಡೆಯದನ್ನು ತಂದು ಕೂರಿಸುವುದು ವಾಡಿಕೆ. ದಾಖಲಾತಿ ಪುಸ್ತಕದ ಮೊದಲ ಪುಟ ನೋಡಿ.

ಗಾರೆ ಮೇಸ್ತ್ರಿ:
ಮುರಕಲ್ಲಿನ ಮೈತುಂಬ ತೂತು. ನೆಲದ ಪಸೆ ಹೀರುತ್ತದೆ, ಬೇಸಗೆಯಲ್ಲಿ ಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ದಾರಿ ಕೊಡುತ್ತದೆ, ಸಿಮೆಂಟು ಕೊಡುವುದಿಲ್ಲ. ಹಾಳಾದಷ್ಟು ಕೆತ್ತಿ ತೆಗೆದು ಒಂದು ಬೇಸಗೆ ಪೂರ್ತಿ ಗೋಡೆಯನ್ನು ಒಣಗಲು ಬಿಡಿ, ಆಮೇಲೆ ಸುಣ್ಣ, ಮರಳು. ಅದಕ್ಕೂ ಮೊದಲು ಸೂರಿನ ನೀರು ಎಲ್ಲಿ ಬೀಳುತ್ತದೆ ನೋಡಿ. ಅಂಗಳಕ್ಕೆ ಮಣ್ಣು ತುಂಬಿಸಿ ಎತ್ತರಿಸಿದ್ದೀರಾ?

ನಿವೃತ್ತ ಶಿಕ್ಷಕಿ:
ತಗಡಿನ ಕೋಣೆಯಲ್ಲಿ ನಾಲ್ಕು ವರ್ಷ ಪಾಠ ಮಾಡಿದ್ದೇನೆ. ಆಷಾಢದ ಮಳೆಗೆ ನನ್ನ ಸ್ವರ ನನಗೇ ಕೇಳಿಸುತ್ತಿರಲಿಲ್ಲ. ಅಂಥ ದಿನಗಳಲ್ಲಿ ಬರೀ ಕಾಪಿ ಬರೆಸುವುದು. ಮಾರ್ಚ್‌ನಲ್ಲಿ ಮಕ್ಕಳನ್ನು ಜಗಲಿಗೆ ಕರೆತರುತ್ತಿದ್ದೆ. ಹಂಚಿನ ಕೋಣೆಯಲ್ಲಾದರೆ ಬಿಸಿಗಾಳಿ ಸಂದುಗಳಲ್ಲಿ ಹೊರಗೆ ಹೋಗುತ್ತದೆ. ನಿಮ್ಮ ಶಾಲೆಯಲ್ಲಿ ಗಾಜಿನ ಹಂಚು ಇದೆಯೇ? ನಮ್ಮಲ್ಲಿ ಅದರ ಬಿಸಿಲು ಮೇಜಿನ ಕಾಲು ಮುಟ್ಟಿದರೆ ಗಂಟೆ ಹೊಡೆಯುವ ಹೊತ್ತು ಎಂದು ಮಕ್ಕಳಿಗೆ ಗೊತ್ತಿತ್ತು.

ಹಳೆಯ ವಿದ್ಯಾರ್ಥಿ:
ಗಾಜಿನ ಹಂಚು ಎರಡಿವೆ ಅಮ್ಮಾ, ಒಂದಕ್ಕೆ ಯಾರೋ ಬಣ್ಣ ಬಳಿದಿದ್ದಾರೆ. ಇವತ್ತು ಏಣಿ ಇಟ್ಟು ಹತ್ತಿದೆ. ಮಾಡಿನಲ್ಲಿ ಮೂರು ಕಾರ್ಖಾನೆಗಳ ಹಂಚುಗಳಿವೆ. ಮಾಡಿನ ಇಳಿಜಾರು ಮರಗಳಾದ ಪಕ್ಕಾಸುಗಳು ಗಟ್ಟಿ, ಅವುಗಳ ಮೇಲೆ ಹಂಚು ಕೂರುವ ರೀಪು ಮಾತ್ರ ಮೂಲೆಯಲ್ಲಿ ಗೆದ್ದಲು ಹಿಡಿದಿದೆ. ದಾಖಲಾತಿ ಪುಸ್ತಕದ ಮೊದಲ ಹೆಸರು 1919ರದ್ದು, ಅಜ್ಜನ ಮಾತಿಗೆ ಹೊಂದುತ್ತದೆ. ಮೇಸ್ತ್ರಿಯವರೇ, ಅಂಗಳಕ್ಕೆ ಮಣ್ಣು ತುಂಬಿದ್ದು ನಿಜ: ಜಗಲಿಗೆ ಮೂರು ಮೆಟ್ಟಿಲು ಹತ್ತಿದ ನೆನಪು ನನಗೆ, ಈಗ ಒಂದೇ ಇದೆ. ಉಳಿದೆರಡನ್ನು ಭಾನುವಾರ ಅಗೆದು ನೋಡುತ್ತೇವೆ.