ಪ್ರಶ್ನೋತ್ತರ: ನಮ್ಮ ಕರೆಂಟಿನ ದರ ಮಾರುಕಟ್ಟೆಯದೋ, ಸರ್ಕಾರದ್ದೋ?

ಅಡ್ಮಿನ್: ವಿದ್ಯುತ್ ಖರೀದಿ ಮತ್ತು ದರದ ಲೆಕ್ಕ ಬಲ್ಲ ಎಂಜಿನಿಯರ್ ಒಬ್ಬರು ಇಂದು ಸಂಜೆ ಗುಂಪಿನಲ್ಲಿ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ತುಮಕೂರು ಸದಸ್ಯೆ: ಸರ್, ಗೃಹಜ್ಯೋತಿ ಇದೆ. ಹೋದ ತಿಂಗಳು 150 ಯೂನಿಟ್ ಆಗಿದೆ, 200 ದಾಟಿಲ್ಲ. ಆದರೂ ಬಿಲ್ ಬಂದಿದೆ.

ಎಂಜಿನಿಯರ್: 200 ಅನ್ನುವುದು ಗರಿಷ್ಠ ಮಿತಿ ಮಾತ್ರ, ಮೇಡಂ. ನಿಮ್ಮ ಮನೆಗೆ ಎಷ್ಟು ಉಚಿತ ಎನ್ನುವುದು 2022-23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಕೊಡುವ ಸ್ವಲ್ಪ ಹೆಚ್ಚುವರಿ, ಇವೆರಡರ ಮೇಲೆ ನಿಂತಿದೆ. ಅರ್ಹ ಯೂನಿಟ್ 121 ಎಂದಿದ್ದರೆ ಉಳಿದ 29ಕ್ಕೆ ಹಣ ಕಟ್ಟಬೇಕು. 200 ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ.

ಬ್ಯಾಡಗಿ ಕೋಲ್ಡ್ ಸ್ಟೋರೇಜ್: ನಮಸ್ಕಾರ ರೀ ಸರ. ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ನಮ್ದು, ಎಚ್‌ಟಿ (ಹೈ ಟೆನ್ಷನ್) ಸಂಪರ್ಕ, 320 ಕೆವಿಎ. ಫೆಬ್ರವರಿಯಿಂದ ಜೂನ್‌ವರೆಗೆ ತಿಂಗಳಿಗೆ 90 ಸಾವಿರ ಯೂನಿಟ್, ಉಳಿದ ಏಳು ತಿಂಗಳು 35 ಸಾವಿರ. 5 ಮೆಗಾವ್ಯಾಟ್ ಸೋಲಾರ್ ಘಟಕದಾಗ ಶೇ. 2 ಪಾಲು ತಗೊಳ್ರಿ, ಗ್ರೂಪ್ ಕ್ಯಾಪ್ಟಿವ್ (ಹಲವರು ಸೇರಿ ತಮ್ಮ ಬಳಕೆಗೇ ನಡೆಸೋ ಘಟಕ) ಆಗತದ, ಹೊರಗಿಂದ ಕರೆಂಟ್ ತಗೊಂಡ್ರ ಹಾಕೋ ಸರ್ಚಾರ್ಜ್ ಬೀಳಂಗಿಲ್ಲ ಅಂತ ಏಜೆಂಟ್ ಹೇಳ್ಯಾರ. ಬಳಕೆದಾರರ ಒಟ್ಟು ಪಾಲು ಶೇ. 26. ವರ್ಷಕ್ಕ 80 ಲಕ್ಷ ಯೂನಿಟ್ ಬರತದಂತ. ತಗೊಬಹುದೇನ್ರಿ?

ಹಾಸನ ಸದಸ್ಯ: ಸರ್, ಗೃಹಜ್ಯೋತಿಯಲ್ಲಿ 201 ಯೂನಿಟ್ ಆದರೆ ಒಂದು ಯೂನಿಟ್‌ಗೆ ಮಾತ್ರ ದುಡ್ಡಾ?

ಎಂಜಿನಿಯರ್: ಅಲ್ಲ. ಪೂರ್ತಿ ಬಿಲ್. ಮೇಲೆ ಬರೆದಿದ್ದೇನೆ.

ಎಂಜಿನಿಯರ್: ಬ್ಯಾಡಗಿಯವರಿಗೆ. ಸಹಿ ಹಾಕುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು. ಕ್ಯಾಪ್ಟಿವ್ ಅನ್ನಿಸಿಕೊಳ್ಳಲು 2005ರ ವಿದ್ಯುತ್ ನಿಯಮಗಳಲ್ಲಿ ಎರಡು ಷರತ್ತು ಇವೆ. ಮತದಾನದ ಹಕ್ಕಿರುವ ಷೇರಿನಲ್ಲಿ ಕನಿಷ್ಠ ಶೇ. 26 ಬಳಕೆದಾರರ ಕೈಯಲ್ಲಿರಬೇಕು. ವರ್ಷದ ಉತ್ಪಾದನೆಯಲ್ಲಿ ಕನಿಷ್ಠ ಶೇ. 51ನ್ನು ಅವರೇ ಬಳಸಬೇಕು, ಅದೂ ಅವರವರ ಪಾಲಿನ ಪ್ರಮಾಣದಲ್ಲಿ. ಶೇ. 10ರಷ್ಟು ಹೆಚ್ಚುಕಡಿಮೆಗೆ ಮಾತ್ರ ಅವಕಾಶ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಪ್ರಮಾಣದ ಲೆಕ್ಕವನ್ನು ಎತ್ತಿಹಿಡಿದಿದೆ. ಏಜೆಂಟರು ಮೊದಲ ಷರತ್ತು ಹೇಳುತ್ತಾರೆ, ಎರಡನೆಯದನ್ನು ನುಂಗುತ್ತಾರೆ.

ನಿಮ್ಮ ಲೆಕ್ಕ ಮಾಡೋಣ. 80 ಲಕ್ಷದಲ್ಲಿ ಶೇ. 51 ಅಂದರೆ 40.8 ಲಕ್ಷ. ಅದರಲ್ಲಿ 26ಕ್ಕೆ 2ರ ಪಾಲು 3.14 ಲಕ್ಷ. ಶೇ. 10 ಕಡಿಮೆ ಮಾಡಿದರೂ 2.82 ಲಕ್ಷ ಯೂನಿಟ್‌ನ್ನು ವರ್ಷದಲ್ಲಿ ನೀವು ಬಳಸಲೇಬೇಕು. ನಿಮ್ಮ ವರ್ಷದ ಬಳಕೆ 6.95 ಲಕ್ಷ ಇದೆ, ಚಿಂತೆಯೇನು ಅನ್ನಿಸುತ್ತದೆ. ಆದರೆ ಸೋಲಾರ್ ಬರುವುದು ಹಗಲು, ನಿಮ್ಮ ಕಂಪ್ರೆಸರ್ ಓಡುವುದು ಹಗಲೂ ರಾತ್ರಿ. ಬಿಸಿಲು ಹೊತ್ತಿನ ಬಳಕೆ ಶೇ. 40 ಎಂದು ಹಿಡಿಯಿರಿ. ನಿಮ್ಮ ಪಾಲಿನ 3.14 ಲಕ್ಷವನ್ನು 12 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸರಾಸರಿ 26 ಸಾವಿರ. ಸೀಸನ್ನಿನಲ್ಲಿ ಹಗಲಿಗೇ 36 ಸಾವಿರ ಬೇಕು, ಎಲ್ಲ ಖರ್ಚಾಗುತ್ತದೆ. ಉಳಿದ ಏಳು ತಿಂಗಳು ಹಗಲಿನ ಬಳಕೆ 14 ಸಾವಿರ ಮಾತ್ರ. ಮಿಕ್ಕ 12 ಸಾವಿರವನ್ನು ಬ್ಯಾಂಕಿಂಗ್‌ಗೆ, ಅಂದರೆ ಗ್ರಿಡ್‌ಗೆ ಕೊಟ್ಟು ಆಮೇಲೆ ವಾಪಸ್ ಪಡೆಯುವ ಲೆಕ್ಕಕ್ಕೆ, ಹಾಕಬೇಕು. 2022ರ ಹಸಿರು ಮುಕ್ತ ಪ್ರವೇಶ ನಿಯಮ ಖಾತ್ರಿ ಕೊಡುವುದು ತಿಂಗಳೊಳಗಿನ ಬ್ಯಾಂಕಿಂಗ್‌ಗೆ, ಎಸ್ಕಾಂನಿಂದ (ವಿದ್ಯುತ್ ವಿತರಣಾ ಕಂಪನಿಯಿಂದ) ಕೊಳ್ಳುವ ಯೂನಿಟ್‌ನ ಶೇ. 30ರಷ್ಟಕ್ಕೆ. 35 ಸಾವಿರದಲ್ಲಿ ಹಗಲಿನ 14 ಕಳೆದರೆ ಉಳಿಯುವ 21 ಸಾವಿರಕ್ಕೆ ಶೇ. 30 ಅಂದರೆ 6,300. ಉಳಿದದ್ದು ನಿಮ್ಮ ಬಳಕೆಯ ಲೆಕ್ಕಕ್ಕೆ ಬರುವುದಿಲ್ಲ, ಜನವರಿಯ ಮಿಗತೆ ಏಪ್ರಿಲ್‌ಗೆ ಸಿಗುವುದೂ ಇಲ್ಲ.

ಕೂಡಿಸಿ: ಐದು ತಿಂಗಳು 1.30 ಲಕ್ಷ, ಏಳು ತಿಂಗಳು 20,300ರಂತೆ 1.42 ಲಕ್ಷ. ಒಟ್ಟು 2.72 ಲಕ್ಷ. ಬೇಕಾದದ್ದು 2.82. ಹತ್ತು ಸಾವಿರ ಯೂನಿಟ್‌ನಲ್ಲಿ ತಪ್ಪಿತು. ತಪ್ಪಿದರೆ ಕ್ರಾಸ್ ಸಬ್ಸಿಡಿ ಸರ್ಚಾರ್ಜ್ (ಇತರರ ಅಗ್ಗದ ದರ ಸರಿದೂಗಿಸಲು) ಮತ್ತು ಹೆಚ್ಚುವರಿ ಸರ್ಚಾರ್ಜ್ (ಸಿದ್ಧವಾಗಿ ನಿಂತ ಘಟಕಗಳ ಸ್ಥಿರ ವೆಚ್ಚಕ್ಕೆ) ಬೀಳುವುದು ಆ ಹತ್ತು ಸಾವಿರಕ್ಕಲ್ಲ, ಇಡೀ ವರ್ಷದ ಯೂನಿಟ್‌ಗಳಿಗೆ, ಮಾರ್ಚ್ 31 ಕಳೆದ ಮೇಲೆ ಒಟ್ಟಿಗೆ. ಪಾಲನ್ನು ಶೇ. 1.5ಕ್ಕೆ ಇಳಿಸಿದರೆ ತಿಂಗಳಿಗೆ 19,600 ಬರುತ್ತದೆ, ಸೀಸನ್ ಇಲ್ಲದಾಗಲೂ 14 ಸಾವಿರ ಹಗಲಿಗೆ, 5,600 ಬ್ಯಾಂಕಿಂಗ್‌ಗೆ ಹೋಗಿ ಪೂರ್ತಿ ಬಳಕೆಯಾಗುತ್ತದೆ. ಒಪ್ಪಂದದ ಕರಡಿನಲ್ಲಿ ಸರ್ಚಾರ್ಜ್ ಬಗ್ಗೆ ಇರುವ ಷರತ್ತನ್ನು ಇಲ್ಲಿ ಹಾಕಿ.

ಮೈಸೂರು ಸದಸ್ಯ: ಈ ಸರ್ಚಾರ್ಜೇ ಸರ್ಕಾರದ ದರೋಡೆ. ಎಲ್ಲ ಖಾಸಗಿಗೆ ಬಿಡಲಿ. ವಿದ್ಯುತ್ ಮಾರುವ ಎಕ್ಸ್‌ಚೇಂಜ್‌ನಲ್ಲಿ ಮಧ್ಯಾಹ್ನ ಮೂರು ರೂಪಾಯಿಗೆ ಕರೆಂಟ್ ಸಿಗುತ್ತದೆ, ನಮಗೆ ಮಾತ್ರ ದುಬಾರಿ.

ಶಿವಮೊಗ್ಗ ಸದಸ್ಯ: ಖಾಸಗಿಗೆ ಬಿಟ್ಟರೆ ಏನಾಗುತ್ತದೆ ಅಂತ ಮಹಾರಾಷ್ಟ್ರದಲ್ಲಿ ದುಬಾರಿ ದರದ ಜಗಳಕ್ಕೆ ನಿಂತುಹೋದ ಎನ್ರಾನ್‌ನ ದಾಭೋಲ್ ಘಟಕ ತೋರಿಸಿದೆಯಲ್ಲ. ಶರಾವತಿಯನ್ನು ಕಟ್ಟಿದ್ದು ಯಾರು, ನಿಮ್ಮ ಎಕ್ಸ್‌ಚೇಂಜಾ?

ಮೈಸೂರು ಸದಸ್ಯ: ದಾಭೋಲ್‌ಗೆ ಖರೀದಿ ಒಪ್ಪಂದ ಬರೆದುಕೊಟ್ಟದ್ದೂ ಸರ್ಕಾರವೇ. ಪೈಪೋಟಿ ಇಲ್ಲದೆ ಕೊಟ್ಟ ಗುತ್ತಿಗೆಯನ್ನು ಮಾರುಕಟ್ಟೆ ಅನ್ನಬೇಡಿ.

ಎಂಜಿನಿಯರ್: ಇಬ್ಬರೂ ಅರ್ಧರ್ಧ ಹೇಳುತ್ತಿದ್ದೀರಿ. ಎಕ್ಸ್‌ಚೇಂಜ್‌ನಲ್ಲಿ ದಿನವನ್ನು 15 ನಿಮಿಷದ 96 ತುಂಡು ಮಾಡಿ ಹರಾಜು ನಡೆಸುತ್ತಾರೆ. ಸೋಲಾರ್ ತುಂಬಿರುವ ಮಧ್ಯಾಹ್ನದ ತುಂಡು ಅಗ್ಗ. ಸಂಜೆ ಏಳರ ಮೇಲೆ, ಬೇಸಿಗೆಯಲ್ಲಿ, ಅದೇ ಯೂನಿಟ್ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಹಾಕಿದ 10 ರೂಪಾಯಿ ಮಿತಿಗೆ ಹೋಗಿ ಮುಟ್ಟುತ್ತದೆ. 2022ರಲ್ಲಿ ಆ ಮಿತಿ 12 ಇತ್ತು. ಮಧ್ಯಾಹ್ನ ಹೊರಗೆ ಕೊಂಡು ಸಂಜೆ ಎಸ್ಕಾಂ ಬಾಗಿಲಿಗೆ ಬರುವ ಗ್ರಾಹಕನಿಗಾಗಿ ರಾಯಚೂರಿನ ಘಟಕ ಸಿದ್ಧವಾಗಿ ನಿಂತಿರಬೇಕು. ಹಾಗೆ ಸಿದ್ಧವಾಗಿ ನಿಲ್ಲುವುದರ ಸ್ಥಿರ ವೆಚ್ಚವನ್ನು ಯಾರಾದರೂ ಕಟ್ಟಲೇಬೇಕಲ್ಲ? ನಾಳೆಯ ಯೂನಿಟ್‌ಗೆ ಬೆಲೆ ಹುಡುಕುವ ಕೆಲಸವನ್ನು ಹರಾಜು ಚೆನ್ನಾಗಿ ಮಾಡುತ್ತದೆ. ಐದು ವರ್ಷದ ಆಚೆಗೆ ಬೇಕಾಗುವ ಘಟಕ ಕಟ್ಟಲು ಯಾರೋ ಒಬ್ಬರು ದೀರ್ಘಾವಧಿ ಒಪ್ಪಂದಕ್ಕೆ ಸಹಿ ಹಾಕಬೇಕು. ನಮ್ಮಲ್ಲಿ ಆ ಸಹಿ ಎಸ್ಕಾಂನದ್ದು. ಮಳೆ ಕೈಕೊಟ್ಟ 2023ರ ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ ಸೆಕ್ಷನ್ 11 ಬಳಸಿ ಖಾಸಗಿ ಉತ್ಪಾದಕರು ರಾಜ್ಯದ ಗ್ರಿಡ್‌ಗೇ ಕೊಡಬೇಕು ಎಂದು ಆದೇಶ ಹೊರಡಿಸಬೇಕಾಯಿತು. ಅಂಥ ಆದೇಶ ಪದೇಪದೇ ಬಂದರೆ ಇಲ್ಲಿ ಘಟಕ ಕಟ್ಟುವವರು ಹಿಂಜರಿಯುತ್ತಾರೆ, ಆಗ ಕೊರತೆ ಇನ್ನೂ ಹೆಚ್ಚುತ್ತದೆ.

ದಾವಣಗೆರೆ ಸದಸ್ಯ: ಫಾರ್ವರ್ಡ್ ಆಗಿ ಬಂದದ್ದು: "ಪ್ಲಗ್‌ಗೆ ಈ ಪವರ್ ಸೇವರ್ ಪೆಟ್ಟಿಗೆ ಹಾಕಿದರೆ ಬಿಲ್ ಶೇ. 40 ಕಡಿಮೆ. ಕಂಪನಿಗಳು ಮುಚ್ಚಿಟ್ಟ ಗುಟ್ಟು." ನಿಜವೇ ಸರ್?

ಎಂಜಿನಿಯರ್: ಸುಳ್ಳು. ಒಳಗೆ ಇರುವುದು ಒಂದು ಕೆಪಾಸಿಟರ್, ಒಂದು ಎಲ್ಇಡಿ. ಕೆಪಾಸಿಟರ್ ಪವರ್ ಫ್ಯಾಕ್ಟರ್ ಸರಿಮಾಡುತ್ತದೆ, ಮನೆಯ ಬಿಲ್ ಆಗುವುದು ಕಿಲೋವ್ಯಾಟ್-ಅವರ್ (ಯೂನಿಟ್) ಮೇಲೆ. ಒಂದು ಪೈಸೆಯೂ ಇಳಿಯುವುದಿಲ್ಲ. ಅಗ್ಗದ ಕೆಪಾಸಿಟರ್ ಬಿಸಿಯಾಗಿ ಹೊತ್ತಿಕೊಂಡರೆ ಪ್ಲಗ್ ಪಾಯಿಂಟ್ ಸುಡುತ್ತದೆ. ಮೀಟರ್‌ಗೆ ಅಯಸ್ಕಾಂತ ಇಡುವ ವಿಡಿಯೋ ಯಾರಾದರೂ ಹಾಕುವ ಮುಂಚೆಯೇ ಹೇಳುತ್ತೇನೆ, ಅದು ಕಳ್ಳತನದ ಕೇಸು. "ಇಂದು ರಾತ್ರಿ 9.30ಕ್ಕೆ ಸಂಪರ್ಕ ಕಡಿತ, ಈ ನಂಬರ್‌ಗೆ ಕರೆ ಮಾಡಿ" ಎಂಬ ಸಂದೇಶ ಬಂದರೆ ಕರೆ ಮಾಡಬೇಡಿ, ಆ್ಯಪ್ ಇಳಿಸಿಕೊಳ್ಳಬೇಡಿ. ಬ್ಯಾಂಕ್ ಖಾತೆ ಖಾಲಿಯಾಗುತ್ತದೆ.

ಉಡುಪಿ ಸದಸ್ಯೆ: ಸರ್, ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ ಸಬ್ಸಿಡಿ ಎಷ್ಟು? ಗೃಹಜ್ಯೋತಿ ಉಳಿಯುತ್ತದಾ?

ಎಂಜಿನಿಯರ್: ಪಿಎಂ ಸೂರ್ಯಘರ್‌ನಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಒಟ್ಟು 78,000, ಅದರ ಮೇಲೆ ಇಲ್ಲ. ಪ್ಯಾನೆಲ್ ಒಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಬಿಲ್‌ನಲ್ಲಿ ಅದನ್ನು ಬರೆಸಿಕೊಳ್ಳಿ, ಇಲ್ಲದಿದ್ದರೆ ಸಬ್ಸಿಡಿ ತಪ್ಪುತ್ತದೆ.

ಉಡುಪಿ ಸದಸ್ಯೆ: ಗೃಹಜ್ಯೋತಿ ಸರ್?

ಬೆಂಗಳೂರು ಸದಸ್ಯ: ನಮ್ಮ ಬಿಲ್‌ನಲ್ಲಿ ಯೂನಿಟ್‌ಗೆ 36 ಪೈಸೆ ಪಿಂಚಣಿ ಸರ್ಚಾರ್ಜ್ ಹಾಕಿದ್ದಾರೆ. ಇದು ಮಾರುಕಟ್ಟೆಯದಾ, ಸರ್ಕಾರದ್ದಾ?

ಎಂಜಿನಿಯರ್: ನಿವೃತ್ತ ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಯಲ್ಲಿ ಸರ್ಕಾರದ ಪಾಲು ಅದು. ಅದನ್ನು ಗ್ರಾಹಕರಿಂದ ವಸೂಲು ಮಾಡಲು 2025ರ ಮಾರ್ಚ್‌ನಲ್ಲಿ ರಾಜ್ಯದ ವಿದ್ಯುತ್ ದರ ನಿಗದಿ ಮಾಡುವ ಆಯೋಗ ಕೆಇಆರ್‌ಸಿ ಒಪ್ಪಿತು. 36 ಪೈಸೆ 2025-26ರ ದರ.

ಮೈಸೂರು ಸದಸ್ಯ: ನೋಡಿ! ಉಚಿತ ಪಂಪ್‌ಸೆಟ್, ಉಚಿತ ಮನೆ, ಪಿಂಚಣಿ. ಎಲ್ಲ ನಮ್ಮ ತಲೆ ಮೇಲೆ.

ಮಂಡ್ಯ ರೈತ: ಸ್ವಾಮಿ, ನಮ್ಮ 5 ಎಚ್‌ಪಿ ಮೋಟ್ರು ಎತ್ತಿದ ನೀರಲ್ಲಿ ಬೆಳೆದ ಅಕ್ಕಿಯನ್ನೇ ನೀವು ಉಣ್ಣೋದು. ತ್ರೀ ಫೇಸ್ ಕೊಡೋದು ನಡುರಾತ್ರಿ. ಒಂದು ದಿನ ಬಂದು ಗದ್ದೇಲಿ ನಿಂತ್ಕೊಳ್ಳಿ, ಆಮೇಲೆ ಮಾತಾಡಿ.

ಮೈಸೂರು ಸದಸ್ಯ: ಮೀಟರ್ ಹಾಕಿಸಿಕೊಳ್ಳಿ, ಆಮೇಲೆ ನೀವೂ ಮಾತಾಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಎಂಜಿನಿಯರ್: 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ಕೊಡುವುದು ಸರ್ಕಾರದ ತೀರ್ಮಾನ, ಅದಕ್ಕೆ ರೈತರನ್ನು ಬೈಯಬೇಡಿ. ವಿದ್ಯುತ್ ಕಾಯ್ದೆಯ ಸೆಕ್ಷನ್ 65ರ ಪ್ರಕಾರ ಆ ಹಣವನ್ನು ಸರ್ಕಾರ ಎಸ್ಕಾಂಗೆ ಮುಂಗಡ ಕಟ್ಟಬೇಕು. ತಡವಾದರೆ ಎಸ್ಕಾಂ ಸಾಲ ಮಾಡುತ್ತದೆ, ಬಡ್ಡಿಯ ಭಾರ ವ್ಯವಸ್ಥೆಯ ಮೇಲೆ ಕೂರುತ್ತದೆ. ಕೇಳಬೇಕಾದ ಪ್ರಶ್ನೆ ಇದು: ಹಣ ಸಮಯಕ್ಕೆ ಬಂತೇ? ಮೀಟರ್ ಇಲ್ಲದ ಪಂಪ್‌ಸೆಟ್ ಬಳಕೆ ಅಂದಾಜಿನದ್ದು ಅನ್ನುವುದೂ ನಿಜ, ಆ ಅಂದಾಜಿನೊಳಗೆ ಸೋರಿಕೆಯೂ ಅಡಗಬಹುದು. ಅದಕ್ಕೆ ಫೀಡರ್ (ಪಂಪ್‌ಸೆಟ್‌ಗಳ ಕಡೆ ಕರೆಂಟ್ ಒಯ್ಯುವ ಮುಖ್ಯ ಲೈನ್) ಮೀಟರ್‌ನ ಓದು ಬೇಕು. ಫೀಡರನ್ನೇ ಸೋಲಾರ್‌ಗೆ ತಿರುಗಿಸುವ ಕೇಂದ್ರದ ಕುಸುಮ್-ಸಿ ಯೋಜನೆ ಸರಿಯಾಗಿ ನಡೆದರೆ ನಿಮಗೆ ಹಗಲಲ್ಲೇ ತ್ರೀ ಫೇಸ್ ಸಿಗುತ್ತದೆ, ಮಂಡ್ಯದವರೇ.

ಕಲಬುರಗಿ ಸದಸ್ಯ: ಗೃಹಜ್ಯೋತಿ 200 ದಾಟಿದರೆ…

ಎಂಜಿನಿಯರ್: ಮೇಲೆ ಓದಿ.

ಬ್ಯಾಡಗಿ ಕೋಲ್ಡ್ ಸ್ಟೋರೇಜ್: ಸರ, ಕರಡಿನಾಗ ಹಿಂಗ ಐತ್ರಿ: "ಕ್ಯಾಪ್ಟಿವ್ ಸ್ಥಾನಮಾನ ಯಾವುದೇ ಕಾರಣದಿಂದ ತಪ್ಪಿದಲ್ಲಿ ಎಲ್ಲ ಶುಲ್ಕಗಳು ಬಳಕೆದಾರನ ಹೊಣೆ." 15 ವರ್ಷ ಹೊರಗ ಬರಂಗಿಲ್ಲ ಅಂತಾನೂ ಐತಿ.

ಎಂಜಿನಿಯರ್: ಈ ರೂಪದಲ್ಲಿ ಸಹಿ ಹಾಕಬೇಡಿ. "ಯಾವುದೇ ಕಾರಣ" ಅಂದರೆ ಪಕ್ಕದ ಕಾರ್ಖಾನೆ ಮುಚ್ಚಿ ಒಟ್ಟು ಶೇ. 51 ತಪ್ಪಿದರೂ ಸರ್ಚಾರ್ಜ್ ನಿಮಗೇ. ನಿಮ್ಮ ಬಳಕೆ ಕಡಿಮೆಯಾಗಿ ತಪ್ಪಿದರೆ ನೀವು, ಬೇರೆ ಕಾರಣಕ್ಕೆ ತಪ್ಪಿದರೆ ಘಟಕದವರು ಕಟ್ಟಬೇಕು ಎಂದು ತಿದ್ದಿಸಿ. ಪಾಲು ಶೇ. 1.5. ಮಳೆಗಾಲದಲ್ಲಿ ಉತ್ಪಾದನೆ ಇಳಿಯುವುದರಿಂದ ಒಂದು ವರ್ಷದ 15 ನಿಮಿಷದ ಮೀಟರ್ ದಾಖಲೆಯನ್ನು ಹೆಸ್ಕಾಂನಿಂದ ಪಡೆದು, ನಾನು ಹಿಡಿದ ಶೇ. 40 ಸರಿಯೇ ಎಂದು ತಿಂಗಳುವಾರು ತಾಳೆ ನೋಡಿ. ಡಿಮ್ಯಾಂಡ್ ಶುಲ್ಕ (ಕೆವಿಎ ಲೆಕ್ಕದಲ್ಲಿ ತಿಂಗಳಿಗೆ ಕಟ್ಟುವುದು) ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಏಜೆಂಟ್ ಕೊಟ್ಟ ಉಳಿತಾಯದ ಪಟ್ಟಿಯಲ್ಲಿ ಅದನ್ನೂ ಸೇರಿಸಿದ್ದರೆ ಹೊಡೆದುಹಾಕಿ.